ಒಂಟಿಗೈ ಕ್ಯಾಪ್ಟನ್ ಬಂದಳಂತೆ

ಜೂನ್ 3, ಮಂಗಳವಾರ

ಯಾರದು ಈ ಪುಸ್ತಕ ಬಿಡಿಸಿದ್ದು? ಬೇರೆಯವರ ದಿನಚರಿ ಓದಬಾರದೆಂದು ಮನೆಯಲ್ಲಿ ಯಾರೂ ಹೇಳಿಕೊಡಲಿಲ್ಲವೇ? ಎರಡು ಕಣ್ಣೂ ನೆಟ್ಟಗಿವೆ ಅಂತ ಕೈಗೆ ಸಿಕ್ಕಿದ್ದನ್ನೆಲ್ಲ ಓದುವ ಕೊಬ್ಬು ನಿಮಗೆ. ಮುಚ್ಚಿಡಿ, ಹೋಗಿ ಏನಾದರೂ ಕೆಲಸ ಮಾಡಿ. ಇನ್ನೂ ಹೋಗಲಿಲ್ಲವೇ? ಹಾಗಾದರೆ ತೆಪ್ಪಗೆ ಓದಿ, ಅಕ್ಷರದ ತಪ್ಪು ಹಿಡಿಯಲು ಬರಬೇಡಿ. ಹಳ್ಳಿಯ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಕಲಿತವಳು ನಾನು. ಅದರಲ್ಲೂ ಅರ್ಧ ಹೊತ್ತು ಮೇಷ್ಟರ ಮಗುವನ್ನು ಆಡಿಸಿದ್ದೇ ಆಯಿತು.

ಬರೆಯುತ್ತಿರುವುದು ಯಾಕೆಂದರೆ ಈಗ ಈ ಮನೆಯಲ್ಲಿ ನಾನು ಬಾಯಿ ಬಿಡುವ ಹಾಗಿಲ್ಲ. ನಿನ್ನೆ ಮೊಮ್ಮಗಳಿಗೆ ಕಣ್ಣಿನ ಆಪರೇಷನ್ ಆಯಿತು. ಅವಳ ಒಂದು ಕಣ್ಣು ಹುಟ್ಟಿದಾಗಿನಿಂದ ಮಬ್ಬು. ಬೆಳಕು ಕಂಡೀತು, ಮುಖ ಕಾಣದು. ಇಷ್ಟು ವರ್ಷ ಲೋಕ ನೋಡಿದ್ದೆಲ್ಲ ಇನ್ನೊಂದರಿಂದಲೇ. ಆ ಇನ್ನೊಂದರ ಒಳಗಿನ ಪರದೆ ಹರಿದಿದೆಯಂತೆ. ಎಷ್ಟು ಹೊಲಿಗೆ ಹಾಕುತ್ತಾರೆ ಅಂತ ಕೇಳಿದೆ. ಹೊಲಿಯುವುದಿಲ್ಲವಂತೆ, ಕಣ್ಣೊಳಗೆ ಒಂದು ಗಾಳಿಗುಳ್ಳೆ ಬಿಟ್ಟು ಪರದೆಯನ್ನು ಒತ್ತಿ ಹಿಡಿಸುತ್ತಾರಂತೆ. ಗುಳ್ಳೆ ಯಾವಾಗಲೂ ಮೇಲಕ್ಕೇ ಏರುವುದರಿಂದ ಇವಳು ಮುಖ ಕೆಳಗೆ ಮಾಡಿಯೇ ಇರಬೇಕಂತೆ. ಮಲಗಿದರೂ ಹಾಗೆ, ಕೂತರೂ ಹಾಗೆ. ತಲೆ ಎತ್ತಿದರೆ ಗುಳ್ಳೆ ಜಾರುತ್ತದಂತೆ, ಜಾರಿದರೆ ಪರದೆ ಅಂಟುವುದಿಲ್ಲವಂತೆ, ಅಂಟದಿದ್ದರೆ ಅಷ್ಟೇ ಅಂತೆ. ಡಾಕ್ಟರಮ್ಮ ಮಗಳಿಗೆ ಹೇಳಿದ್ದು, ಮಗಳು ನನಗೆ ಹೇಳಿದ್ದು. "ಅಷ್ಟೇ" ಅಂದರೆ ಏನು ಅಂತ ಯಾರೂ ಬಿಡಿಸಿ ಹೇಳುವುದಿಲ್ಲ.

ಮಗಳಿಗೆ ಬಿಸ್ಕತ್ತು ಕಾರ್ಖಾನೆಯಲ್ಲಿ ಹಗಲು ಪಾಳಿ. ಅಳಿಯ ಲಾರಿಯ ಮೇಲೆ ದೇಶ ಸುತ್ತುತ್ತಾನೆ. ಹಾಗಾಗಿ ಹುಡುಗಿಯ ಊಟ, ಔಷಧ, ಬಚ್ಚಲು, ಬೈಗುಳ ಎಲ್ಲ ನನ್ನ ಪಾಲು. ಆದರೆ ಬೈಗುಳಕ್ಕೆ ಅಪ್ಪಣೆ ಇಲ್ಲ. ಅವಳನ್ನು ಅಳಿಸಬಾರದಂತೆ.

ಜೂನ್ 4, ಬುಧವಾರ

ಮಂಚದ ಅಂಚಿನಿಂದ ತಲೆ ಆಚೆ ಚಾಚಿ, ಎದುರಿನ ಕುರ್ಚಿಯ ಮೇಲಿನ ದಿಂಬಿಗೆ ಹಣೆ ಊರಿ ಮಲಗಿದ್ದಾಳೆ, ಮಂಚದ ಕೆಳಗೆ ಚಪ್ಪಲಿ ಹುಡುಕುವವರ ಹಾಗೆ. ಸುತ್ತ ಗೋಡೆಯ ತುಂಬ ಅವಳು ಅಂಟಿಸಿದ ಚಿತ್ರಗಳು: ರಾಕ್ಷಸರು, ಯಂತ್ರದ ಮನುಷ್ಯರು, ಕತ್ತಿ ಹಿಡಿದ ಹೆಂಗಸರು. ಇಷ್ಟು ದಿನ ನಾನು ಅವರನ್ನು ಮುಟ್ಟಿದ್ದು ಧೂಳು ಹೊಡೆಯಲು ಮಾತ್ರ.

ನಾನು ಇವಳನ್ನು ಗೂಬೆ ಅಂತ ಕರೆಯುವುದು ಸುಮ್ಮನೆ ಅಲ್ಲ. ಎಲ್ಲೋ ಇನ್ನೊಂದು ದೇಶದಲ್ಲಿ ಹಗಲಾದಾಗ ಹೊಸ ಸಿನಿಮಾದ್ದೋ ವಿಡಿಯೋ ಗೇಮಿನದೋ ಸುದ್ದಿ ಬಿಡುತ್ತಾರೆಂದು ಇಲ್ಲಿ ರಾತ್ರಿಯೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರುವವಳು. ಬಂದ ಸಿನಿಮಾ ನೋಡಿ ಹುಚ್ಚಾಗುವವರನ್ನು ನಾನು ಕಂಡಿದ್ದೇನೆ. ಇವಳದು ಇನ್ನೂ ಬಾರದೇ ಇರುವುದರ ಹುಚ್ಚು. ಕೆಲಸ ಬಣ್ಣದಂಗಡಿಯಲ್ಲಿ. ಗಿರಾಕಿ ತಂದ ಗೋಡೆಯ ಚೂರು ನೋಡಿ ಅದೇ ಬಣ್ಣ ಬೆರೆಸಿ ಕೊಡುತ್ತಾಳೆ. ಸಂಜೆ ತಟ್ಟೆಯ ಮುಂದೆ ಕೂತು ಬರುವ ವರ್ಷ ಏನೇನು ಬರುತ್ತದೆ ಗೊತ್ತಾ ಅಂತ ಶುರು ಮಾಡಿದರೆ ಊಟ ಆರಿ ತಣ್ಣಗಾಗುತ್ತಿತ್ತು. ಬರುವುದು ಬರಲಿ, ಮೊದಲು ನುಂಗು ಅನ್ನುತ್ತಿದ್ದೆ.

ಇವತ್ತು ಅವಳು ಏನೂ ಶುರು ಮಾಡಲಿಲ್ಲ. ನೆಲ ನೋಡುತ್ತಾ ತಿಂದಳು. ಬಂದ ಮಾತನ್ನೆಲ್ಲ ನುಂಗಿ ನುಂಗಿ ನನಗೆ ಊಟವೇ ಬೇಡವಾಯಿತು.

ಜೂನ್ 6, ಶುಕ್ರವಾರ

ಬೆಳಿಗ್ಗೆ ಕೇಳಿದಳು, ಇವತ್ತು ಒಂದು ಟ್ರೈಲರ್ ಬರುತ್ತದೆ, ನೋಡಿ ಹೇಳುತ್ತೀಯಾ ಅಂತ. ಟ್ರೈಲರ್ ಅಂದರೆ ಮುಂದೆ ಬರಲಿರುವ ಸಿನಿಮಾದ ಚೂರುಗಳನ್ನು ಪೋಣಿಸಿ ಆಸೆ ಹುಟ್ಟಿಸುವುದು. ಬಟ್ಟೆ ಅಂಗಡಿಯವನು ಅಂಚು ಮಾತ್ರ ತೋರಿಸಿ ಮತ್ತೆ ಮಡಚಿಡುವ ಹಾಗೆ. ನನಗೆ ಬೇರೆ ಕೆಲಸ ಇಲ್ಲವಾ ಅಂದೆ. ಅವಳು ಮತ್ತೆ ಕೇಳಲಿಲ್ಲ. ಹಟ ಮಾಡಿದ್ದರೆ ನಾನು ಖಂಡಿತ ಒಪ್ಪುತ್ತಿರಲಿಲ್ಲ. ಕೇಳದೆ ಸುಮ್ಮನಾದಳಲ್ಲ, ಅದು ತಡೆಯಲಿಲ್ಲ.

ಲ್ಯಾಪ್‌ಟಾಪಿನ ಮುಂದೆ ಕೂತೆ. ಅವಳು ನೆಲ ನೋಡುತ್ತಾ ಹೇಳಿದಳು, ನಾನು ಬೆರಳಿನಿಂದ ಒತ್ತಿದೆ. ಸಂಗೀತ ಶುರುವಾಯಿತು. ನಾನು ಶುರು ಮಾಡಿದೆ: ಒಂದು ಊರಂತೆ, ಊರ ಹಿಂದೆ ಕೆಸರಂತೆ, ಕೆಸರಿನಿಂದ ಒಬ್ಬ ಎದ್ದನಂತೆ.

"ಯಾರ್ ಹೇಳಿದ್ರು?" ಅಂದಳು.

"ಯಾರ್ ಹೇಳೋದೇನು, ಇಲ್ಲಿ ಕಾಣ್ತಾ ಇದೆಯಲ್ಲ."

"ಮತ್ತೆ ಅಂತೆ ಯಾಕೆ? ಅಂತೆ ಅನ್ನೋದು ಬೇರೆಯವರು ಹೇಳಿದ್ದಕ್ಕೆ ಅಜ್ಜಿ. ನೀನು ನೋಡ್ತಿದ್ದೀಯ. ಎದ್ದ ಅನ್ನು."

ಹುಟ್ಟಿದಾಗಿನಿಂದ ನನಗೆ ಕಥೆ ಅಂದರೆ ಅಂತೆಯೇ. ರಾಜ ಇದ್ದನಂತೆ, ರಾಣಿ ಅತ್ತಳಂತೆ. ಇವಳಿಗೂ ಹಾಗೇ ಹೇಳಿ ಮಲಗಿಸಿದವಳು ನಾನು. ಆದರೂ ಎದ್ದ ಅಂದೆ. ಅಂದ ಕೂಡಲೇ ಮೈ ಜುಮ್ಮೆಂದಿತು. ಅವನು ಇದೇ ಕೋಣೆಯಲ್ಲಿ, ಬೀರುವಿನ ಪಕ್ಕ ಎದ್ದು ನಿಂತ ಹಾಗಾಯಿತು.

ಯಾವ ಬಣ್ಣ ಅಂತ ಕೇಳಿದಳು. ಹಸಿರು ಅಂದೆ. ಯಾವ ಹಸಿರು? ಇದೇನು ಬಣ್ಣದಂಗಡಿಯಾ ಅಂದೆ. ಹೌದು ಅಂದಳು. ಕಣ್ಣು ಕಿರಿದು ಮಾಡಿ ನೋಡಿದೆ. ಮೀನಿನ ತೊಟ್ಟಿ ತೊಳೆಯದೆ ಬಿಟ್ಟರೆ ಗಾಜಿಗೆ ಹಿಡಿಯುತ್ತದಲ್ಲ, ಆ ಹಸಿರು. ಹುಡುಗಿ ಹಣೆಯನ್ನು ದಿಂಬಿಗೆ ಉಜ್ಜಿ ನಕ್ಕಳು. ಆಪರೇಷನ್ ಆದ ಮೇಲೆ ಮೊದಲ ಸಲ.

ಜೂನ್ 9, ಸೋಮವಾರ

ಅದೇ ಟ್ರೈಲರನ್ನು ಮತ್ತೆ ಮತ್ತೆ ನೋಡಿಸಿದಳು. ಅದರಲ್ಲಿ ಅಷ್ಟೇನೂ ಇಲ್ಲ. ಎಲ್ಲರೂ ಕಿರುಚುತ್ತಾರೆ, ದೀಪ ಆರುತ್ತದೆ. ಆದರೆ ಒಂದು ಮಾತು ಬರೆದಿಡಬೇಕು. ಅವನು ಕೆಟ್ಟವನಲ್ಲ.

ನಾನು ಹಾಗೆಂದಾಗ ಗೂಬೆ ಹೇಗೆ ಗೊತ್ತು ಅಂತ ಕೇಳಿದಳು. ಬಾಗಿಲು ಮುರಿದು ಒಳಗೆ ಬಂದ ಮೇಲೆ ಕಾಲೊರಸಿನ ಮೇಲೆ ಕಾಲು ಒರೆಸಿಕೊಂಡ ಅಂದೆ. ಅವಳು ನಿಜವಾಗಿ ಕೂಗಿಯೇಬಿಟ್ಟಳು. ಅವನ ಮೈಯೆಲ್ಲ ಕೆಸರಿನಿಂದಲೇ ಆದದ್ದು, ಒರೆಸಿದಷ್ಟೂ ಕಾಲೇ ಸವೆಯುತ್ತದೆ. ಆದರೂ ಒರೆಸಿದ. ಇದನ್ನು ಯೋಚಿಸಿದ ತಲೆ ಯಾರದೋ ಗೊತ್ತಿಲ್ಲ, ಆ ತಲೆ ತಣ್ಣಗಿರಲಿ. ಇಸ್ತ್ರಿ ಅಂಗಡಿಯಲ್ಲಿ ಇಡೀ ಆಯುಷ್ಯ ಕಳೆದವಳು ನಾನು. ಕೆಸರು ಕಾಲಿನಲ್ಲಿ ಬಂದು ಒಗೆದ ಬಟ್ಟೆ ತುಳಿದು ಹೋದ ಒಳ್ಳೆಯ ಮನುಷ್ಯರನ್ನು ಬೇಕಾದಷ್ಟು ಕಂಡಿದ್ದೇನೆ.

ಜೂನ್ 10, ಮಂಗಳವಾರ

ನಡುವೆ ನಿಲ್ಲಿಸಿ ನೋಡುವುದು ಕಲಿತೆ. ಹಾಲು ಉಕ್ಕಿ ಒಲೆಯೆಲ್ಲ ಹಾಳಾಯಿತು.

ಜೂನ್ 14, ಶನಿವಾರ

ಗೂಬೆಯ ಸ್ನೇಹಿತ ಬಂದಿದ್ದ. ಮೆಟ್ಟಿಲು ಹತ್ತುವಾಗ ಸಿಳ್ಳೆ ಹಾಕುತ್ತಾನೆ, ಹಾಗಾಗಿ ನನಗೆ ಅವನು ಸೀಟಿ. ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಇಬ್ಬರೂ ಸೇರಿದರೆ ಬರಲಿರುವುದರ ಪಟ್ಟಿ ಮುಗಿಯುವುದೇ ಇಲ್ಲ. ಮನೆಯನ್ನೇ ನುಂಗುವ ಮನೆಯ ಸಿನಿಮಾ, ಮುದುಕರಾದ ಯಂತ್ರಗಳ ಸಿನಿಮಾ, ಕತ್ತಲೆಯ ಊರಿನಲ್ಲಿ ದೀಪ ಹಚ್ಚುತ್ತಾ ಹೋಗುವವಳ ಗೇಮು. ಸೀಟಿ ಕೆಸರಿನವನ ವಿಷಯ ತೆಗೆದು ಅವನು ಊರನ್ನೆಲ್ಲ ಕೊಲ್ಲುತ್ತಾನೆ ಅಂದ. ನಾನು ಅಡುಗೆ ಮನೆಯಿಂದಲೇ, ನೀನು ಅವನ ಕಾಲು ನೋಡಿದ್ದೀಯೇನಪ್ಪಾ ಅಂತ ಕೇಳಿದೆ. ನೋಡಿರಲಿಲ್ಲ. ಬರೀ ಬಾಯಿ.

ಎಲ್ಲಕ್ಕಿಂತ ದೊಡ್ಡದು ಹಾರುವ ಹಡಗಿನ ಗೇಮಿನ ಮೂರನೆಯ ಭಾಗ. ಮೋಡದ ಮೇಲೆ ತೇಲುವ ಹಡಗು, ಅದಕ್ಕೊಬ್ಬಳು ಒಂಟಿಗೈ ಕ್ಯಾಪ್ಟನ್. ಮೊದಲ ಭಾಗದಲ್ಲಿ ಕೈ ಹೋಯಿತು. ಎರಡನೆಯದರ ಕೊನೆಗೆ ಹಡಗಿನವರನ್ನು ಉಳಿಸಲು ಮೋಡದೊಳಗೆ ಹಾರಿಕೊಂಡಳು. ಸತ್ತಳೋ ಇದ್ದಾಳೋ ಯಾರಿಗೂ ಗೊತ್ತಿಲ್ಲ. ಮಂಗಳವಾರ ಟ್ರೈಲರ್ ಬರುತ್ತದೆ.

ಸೀಟಿ ಹೋದ ಮೇಲೆ ಗೂಬೆ ಮೆಲ್ಲಗೆ ಹೇಳಿದಳು. ಶಾಲೆಯಲ್ಲಿ ಇವಳನ್ನು ಒಕ್ಕಣ್ಣಿ ಅನ್ನುತ್ತಿದ್ದರಂತೆ. ಮನೆಗೆ ಬಂದು ಆ ಕ್ಯಾಪ್ಟನ್ ಆಗಿ ಆಡುತ್ತಿದ್ದಳಂತೆ. ಒಂದೇ ಕೈಯಲ್ಲಿ ಅವಳು ಹಡಗು ತಿರುಗಿಸುವಾಗ ಯಾರೂ ಅಯ್ಯೋ ಪಾಪ ಅನ್ನುವುದಿಲ್ಲ, ಸರಿ ಕ್ಯಾಪ್ಟನ್ ಅನ್ನುತ್ತಾರೆ. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೂ ನನಗಿದು ತಿಳಿದಿರಲಿಲ್ಲ. ಆಟ ಸಾಕು, ಬಂದು ತಿನ್ನು ಅಂತ ಕೂಗುತ್ತಿದ್ದೆ ಅಷ್ಟೇ.

ಜೂನ್ 17, ಮಂಗಳವಾರ

ಬೆಳಿಗ್ಗೆಯೇ ಸರಿ ಇರಲಿಲ್ಲ. ಕುತ್ತಿಗೆ ನೋವು ತಾಳಲಾರದೆ ಅತ್ತಳು. ಅಳುತ್ತಾ ತಲೆ ಎತ್ತಿಬಿಟ್ಟಳು. ನಾನು ಓಡಿ ಹಿಡಿದು ಕೆಳಗೆ ಒತ್ತಿದೆ. ಮಗಳು ಕೆಲಸಕ್ಕೆ ಹೊರಟವಳು ಬಾಗಿಲಲ್ಲೇ ನಿಂತು ನನ್ನನ್ನು ನೋಡಿದ ನೋಟ ಬರೆಯಲಾರೆ. "ಅಮ್ಮ, ಅವಳನ್ನ ಅಳೋಕೆ ಬಿಡ್ಬೇಡ, ನಿನ್ನ ಕಾಲಿಗೆ ಬೀಳ್ತೀನಿ" ಅಂದಳು.

ಮಧ್ಯಾಹ್ನ ಟ್ರೈಲರ್ ಬಂತು. ನಾನು ಒಂದೊಂದಾಗಿ ಹೇಳುತ್ತಾ ಹೋದೆ. ಮೋಡ ಸೀಳಿತು. ಹಡಗು ಬಂತು. ಯಾವ ನೀಲಿ ಅಂದಳು. ಗ್ಯಾಸ್ ಒಲೆಯ ಉರಿಯ ಬುಡದ ನೀಲಿ ಅಂದೆ. ಹಡಗಿನ ಅಡುಗೆಯವನು ಆಕಾಶಕ್ಕೆ ಬಕೆಟ್ ಇಳಿಬಿಟ್ಟು ಮೋಡ ಮೊಗೆದ, ಅದನ್ನೇ ಹಿಂಡಿ ಪಾತ್ರೆಗೆ ನೀರು ತುಂಬಿದ. ಎಂಥ ಸೊಗಸು. ಒಬ್ಬರ ಹಿಂದೆ ಒಬ್ಬರು ಬಂದರು. ಅವಳು ಮಾತ್ರ ಬರಲಿಲ್ಲ. ಕೊನೆಯಲ್ಲಿ ಹಡಗಿನ ಚುಕ್ಕಾಣಿ ಒಂದೇ ಇತ್ತು, ಅದರ ಮುಂದೆ ಯಾರೂ ಇರಲಿಲ್ಲ. ಪರದೆ ಕಪ್ಪಾಯಿತು.

ಬಂದಳಾ ಅಂತ ಕೇಳಿದಳು. ಅವಳ ಬೆನ್ನು ಬಿಗಿದಿತ್ತು. ಈಗ ಅತ್ತರೆ ತಲೆ ಎತ್ತುತ್ತಾಳೆ ಅನ್ನುವುದೊಂದೇ ನನ್ನ ತಲೆಯಲ್ಲಿ.

"ಬಂದ್ಳು ಬಂದ್ಳು. ಕೊನೇಲಿ. ಹೊಗೆ ಇತ್ತಂತೆ, ಹೊಗೆಯೊಳಗಿಂದ ನಡೆದು ಬಂದು ಚುಕ್ಕಾಣಿ ಹಿಡಿದಳಂತೆ."

ಬೀದಿಯಲ್ಲಿ ಯಾರೋ ಗಾಡಿ ಹಿಂದಕ್ಕೆ ತೆಗೆಯುವ ಪೀಂ ಪೀಂ ಸದ್ದು ಕೇಳುತ್ತಿತ್ತು.

"ಅಜ್ಜಿ" ಅಂದಳು. "ನೀನು ಅಂತೆ ಅಂದೆ."

ಜೂನ್ 18, ಬುಧವಾರ

ಮಾತಿಲ್ಲ. ಔಷಧ ಹಾಕಿಸಿಕೊಂಡಳು. ಅಷ್ಟೇ.

ಜೂನ್ 19, ಗುರುವಾರ

ಸುಳ್ಳು ಹೇಳಿದ್ದಕ್ಕೆ ನಾನೇನು ಕೊಲೆ ಮಾಡಿದವಳಲ್ಲ. ಇಷ್ಟಕ್ಕೂ ಆ ಹೆಂಗಸು ಬಣ್ಣ ಬಳಿದ ಬೊಂಬೆ, ಇದ್ದರೇನು ಸತ್ತರೇನು ಅಂತ ಪಾತ್ರೆ ತಿಕ್ಕುತ್ತಾ ನನಗೆ ನಾನೇ ಹೇಳಿಕೊಂಡೆ. ಪಾತ್ರೆಗಳು ಹೊಳೆದವು, ಮನಸ್ಸು ಹೊಳೆಯಲಿಲ್ಲ.

ಮಧ್ಯಾಹ್ನ ಅವಳೇ ಕರೆದಳು. ನೆಲಕ್ಕೆ ಹೇಳುವ ಹಾಗೆ ಹೇಳಿದಳು:

"ಸದ್ಯಕ್ಕೆ ನನ್ನ ಕಣ್ಣು ನೀನೇ ಅಜ್ಜಿ. ನನ್ನ ಕಣ್ಣೇ ನಂಗೆ ಸುಳ್ಳು ಹೇಳಿದ್ರೆ ಇನ್ಯಾರನ್ನ ಕೇಳ್ಲಿ?"

ಮತ್ತೆ ಹಾಕು, ಇದ್ದದ್ದು ಇದ್ದ ಹಾಗೆ ಹೇಳು ಅಂದಳು. ಹಾಕಿದೆ. ಮೋಡ, ಹಡಗು, ಅಡುಗೆಯವನು, ಎಲ್ಲ ಹೇಳಿದೆ. ಕೊನೆಗೆ, ಅವಳು ಬರಲಿಲ್ಲ ಅಂದೆ. ಚುಕ್ಕಾಣಿ ಇದೆ, ಯಾರೂ ಅದನ್ನು ಮುಟ್ಟುವುದಿಲ್ಲ, ಅದರ ಪಕ್ಕದಲ್ಲಿ ಹಾದು ಹೋಗುವವರು ಒಬ್ಬೊಬ್ಬರೂ ಸ್ವಲ್ಪ ಸರಿದು ಜಾಗ ಬಿಟ್ಟು ಹೋಗುತ್ತಾರೆ, ಅಲ್ಲಿ ಯಾರೋ ನಿಂತಿದ್ದಾರೆ ಅನ್ನುವ ಹಾಗೆ. ಇದನ್ನು ನಾನು ಮೊನ್ನೆ ಗಮನಿಸಿರಲಿಲ್ಲ. ಸುಳ್ಳು ಹೇಳುವ ಅವಸರದಲ್ಲಿ ನಿಜ ಸರಿಯಾಗಿ ನೋಡಿರಲಿಲ್ಲ.

ಅತ್ತಳು. ಹನಿ ಕೆನ್ನೆಗೆ ಇಳಿಯಲಿಲ್ಲ, ನೇರ ನೆಲಕ್ಕೆ ಬಿತ್ತು. ಆದರೆ ತಲೆ ಎತ್ತಲಿಲ್ಲ. ನಾನು ಒತ್ತಿ ಹಿಡಿಯಲೂ ಇಲ್ಲ.

ಜೂನ್ 23, ಸೋಮವಾರ

ಆಸ್ಪತ್ರೆಗೆ ಹೋಗಿದ್ದೆವು. ಡಾಕ್ಟರಮ್ಮ ದೀಪ ಹಾಕಿ ಬಹಳ ಹೊತ್ತು ನೋಡಿದರು. ಆಮೇಲೆ ಹುಡುಗಿಯನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ ನಮ್ಮಿಬ್ಬರನ್ನು ಒಳಗೆ ಕರೆದರು. ಕಂಪ್ಯೂಟರಿನಲ್ಲಿ ಕಣ್ಣೊಳಗಿನ ಚಿತ್ರ ತೋರಿಸಿದರು. ಮೇಲಿನ ಭಾಗ ಅಂಟಿದೆ, ಕೆಳಗಿನ ಅಂಚು ಬಿಟ್ಟಿದೆ. ಶುಕ್ರವಾರ ಇನ್ನೊಂದು ಆಪರೇಷನ್. ತಲೆ ಎತ್ತಿದ್ದರಿಂದ ಆಯಿತೇ ಅಂತ ನಾನು ಕೇಳಿದೆ. "ಇಲ್ಲ ಅಜ್ಜಿ, ಕೆಳಗಡೆ ಹರಿದಿದ್ರೆ ಅದು ಯಾವಾಗ್ಲೂ ತೊಂದ್ರೆ ಕೊಡತ್ತೆ. ನೀವು ಚೆನ್ನಾಗಿ ನೋಡ್ಕೊಂಡಿದ್ದೀರ" ಅಂದರು. ಈ ಸಲ ಅಂಟುತ್ತದೆಯೇ ಅಂತ ಮಗಳು ಕೇಳಿದಳು. ಭರವಸೆ ಇದೆ, ಮಾತು ಕೊಡಲಾರೆ ಅಂದರು. ಆ ಮಾತು ನನಗೆ ಹಿಡಿಸಿತು.

ಬಾಗಿಲು ದಾಟುವ ಮೊದಲು ಮಗಳು ನನ್ನ ತೋಳು ಹಿಡಿದಳು. ಶುಕ್ರವಾರದವರೆಗೆ ಹೇಳಬೇಡ, ಚೆನ್ನಾಗಿದೆಯಂತೆ ಅಂದುಬಿಡು ಸಾಕು ಅಂದಳು. ಆಗಲಿ ಅಂದೆ.

ಬೆಂಚಿನಲ್ಲಿ ಗೂಬೆ ಮೊಣಕಾಲಿನ ಮೇಲೆ ಹಣೆ ಇಟ್ಟು ಕೂತಿದ್ದಳು. ನಮ್ಮ ಚಪ್ಪಲಿಯ ಸದ್ದಿಗೆ, ಏನಂದರು ಅಂತ ಕೇಳಿದಳು. ಪರವಾಗಿಲ್ಲವಂತೆ ಅಂದಳು ಮಗಳು.

ಗೂಬೆ ನನ್ನ ಕಾಲಿದ್ದ ಕಡೆಗೆ ತಿರುಗಿದಳು.

"ಅಜ್ಜಿ?"

ನಾನು ನೆಲಕ್ಕೆ ಕೂತೆ, ಅವಳ ಮುಖದ ಕೆಳಗೆ ನನ್ನ ಮುಖ ಬರುವ ಹಾಗೆ. ಕಾಯುತ್ತಿದ್ದ ಜನರೆಲ್ಲ ನೋಡಿದರು. ನೋಡಲಿ.

"ಮೇಲ್ಗಡೆ ಅಂಟಿದೆ. ಕೆಳಗಿನ ಅಂಚು ಬಿಟ್ಟಿದೆ. ಶುಕ್ರವಾರ ಇನ್ನೊಂದ್ಸಲ ಆಪರೇಷನ್. ಆಗ್ಲೂ ಅಂಟುತ್ತೆ ಅಂತ ಮಾತು ಕೊಡೋಕೆ ಅವರ ಕೈಲಿ ಆಗಲ್ಲ. ನಾನು ನೋಡಿದ್ದು, ನಾನೇ ಕೇಳಿದ್ದು."

ಮಗಳು ಕಿಟಕಿಯ ಕಡೆ ಹೋಗಿ ನಿಂತಳು. ಹುಡುಗಿ ಉಸಿರು ಒಳಗೆ ಎಳೆದುಕೊಂಡು, ಸರಿ ಅಂದಳು. ಅಷ್ಟೇ. ಸರಿ.

ಜೂನ್ 24, ಮಂಗಳವಾರ

ಮಗಳು ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಚಹಾ ಲೋಟ ನನ್ನ ಮುಂದೆ ಕುಕ್ಕಿ ಹೋದಳು, ಅರ್ಧ ಚೆಲ್ಲಿತು. ಅವಳ ಸಿಟ್ಟು ತಪ್ಪಲ್ಲ. ಹೆತ್ತ ಹೊಟ್ಟೆ ಅದು. ಕೊಟ್ಟ ಮಾತು ಮುರಿದವಳು ನಾನು.

ಹಳೆಯ ಸಿನಿಮಾದ್ದು ಯಾವುದಾದರೂ ಹೇಳಲಾ ಅಂತ ಗೂಬೆಯನ್ನು ಕೇಳಿದೆ. ಬೇಡ, ಡಾಕ್ಟರ್ ತೋರಿಸಿದ ಚಿತ್ರ ಹೇಳು ಅಂದಳು. ಕಣ್ಣು ಮುಚ್ಚಿ ನೆನಪು ಮಾಡಿಕೊಂಡು ಹೇಳಿದೆ. ದುಂಡಗಿದೆ, ಕಿತ್ತಳೆ ಬಣ್ಣ. ಯಾವ ಕಿತ್ತಳೆ ಅಂತ ಅವಳು ಕೇಳುವ ಮೊದಲೇ, ಸೂರ್ಯ ಮುಳುಗುವಾಗ ಇಟ್ಟಿಗೆ ಗೋಡೆಗೆ ಬರುವ ಕಿತ್ತಳೆ ಅಂದೆ. ಒಂದು ಕಡೆ ಹುಣ್ಣಿಮೆ ಚಂದ್ರನ ಹಾಗೆ ಬೆಳ್ಳಗೆ, ಅಲ್ಲಿಂದ ನಾಲ್ಕೂ ದಿಕ್ಕಿಗೆ ಕೆಂಪು ಹೊಳೆಗಳು ಕವಲೊಡೆದು ಹೋಗುತ್ತವೆ. ಮೇಲಿನ ಅರ್ಧ ನಯವಾಗಿದೆ. ಕೆಳಗೆ ಮಾತ್ರ ಬೂದು ಬಣ್ಣದ ಮಡಿಕೆ, ಇಸ್ತ್ರಿ ಪೆಟ್ಟಿಗೆ ಮುಟ್ಟದೆ ಬಿಟ್ಟ ಅಂಚಿನ ಹಾಗೆ. ಅಲ್ಲಿ ಹೊಳೆಗಳು ಡೊಂಕಾಗಿವೆ.

"ಚೆನ್ನಾಗಿದೆಯಾ ನೋಡೋಕೆ?"

"ಆ ಗೋಡೆ ಮೇಲಿರೋ ನಿನ್ನ ಎಲ್ಲಾ ರಾಕ್ಷಸರಿಗಿಂತ ಚೆನ್ನಾಗಿದೆ ಕಣೇ."

"ಯಾವಾಗ ಬಿಡುಗಡೆ?" ಅಂದು ತಾನೇ ನಕ್ಕಳು. ನನಗೆ ನಗು ಬರಲಿಲ್ಲ. ಬಾಗಿಲ ಹತ್ತಿರ ಮಗಳು ನಿಂತಿದ್ದಳು, ಯಾವಾಗ ಬಂದಳೋ.

ಜೂನ್ 27, ಶುಕ್ರವಾರ

ಆಪರೇಷನ್ ಆಯಿತು. ಇವತ್ತು ಬರೆಯಲಾರೆ.

ಜುಲೈ 5, ಶನಿವಾರ

ಈ ಸಲ ಎಡ ಮಗ್ಗುಲಿಗೆ ಮಲಗಿರಬೇಕು. ನೆಲ ನೋಡುವ ಬದಲು ಬಾಗಿಲು ನೋಡುತ್ತಾಳೆ, ಅಂದರೆ ಬಾಗಿಲ ಕಡೆ ಬ್ಯಾಂಡೇಜು.

ದೀಪ ಹಚ್ಚುವವಳ ಗೇಮಿನ ಹೊಸ ಟ್ರೈಲರ್ ಬೆಳಿಗ್ಗೆ ಬಂದಿತ್ತು. ಗೂಬೆ ನಿದ್ದೆಯಲ್ಲಿದ್ದಳು, ಸುಮ್ಮನೆ ಯಾಕೆ ಎಬ್ಬಿಸುವುದು ಅಂತ ಒಮ್ಮೆ ನಾನೇ ನೋಡಿಟ್ಟುಕೊಂಡೆ. ಸರಿಯಾಗಿ ಹೇಳಬೇಕಲ್ಲ, ಹಾಗಾಗಿ ಮತ್ತೊಮ್ಮೆ. ಇಡೀ ಊರು ಕಪ್ಪು. ಅವಳ ಹತ್ತಿರ ಒಂದೇ ಬೆಂಕಿಕಡ್ಡಿ. ಒಂದು ದೀಪ ಹಚ್ಚಿದರೆ ಒಂದು ಮನೆಯ ಜನ ಎದ್ದು ಆಕಳಿಸುತ್ತಾರೆ, ಹಾಸಿಗೆ ಮಡಚುತ್ತಾರೆ. ಯುದ್ಧವಿಲ್ಲ, ರಕ್ತವಿಲ್ಲ. ಆದರೂ ಗಾಳಿ ಬೀಸಿದಾಗ ನಾನು ಕೈ ಅಡ್ಡ ಹಿಡಿದೆ, ಲ್ಯಾಪ್‌ಟಾಪಿಗೆ. ಮನೆಯಲ್ಲಿ ಯಾರೂ ನೋಡಲಿಲ್ಲ, ಪುಣ್ಯ.

ಮಧ್ಯಾಹ್ನ ಸೀಟಿ ಬಂದು ಆ ಗೇಮಿನ ಕೊನೆ ಹೇಗಿರುತ್ತದೆ ಅಂತ ತನಗೆ ಗೊತ್ತು ಅಂದ. ಬಾಯಿ ಮುಚ್ಚು, ಬರುವ ಮೊದಲೇ ಕೊನೆ ಹೇಳುವವರಿಗೆ ಈ ಮನೆಯಲ್ಲಿ ಚಹಾ ಇಲ್ಲ ಅಂದೆ. ಗೂಬೆ ಮಲಗಿದ್ದಲ್ಲೇ ನಗುತ್ತಿದ್ದಳು. ಏನು ನಗುವುದೋ, ಇದ್ದದ್ದು ಹೇಳಿದೆ.

ಸಂಜೆ ನಾನು ಗೂಬೆಗೆ ಹೇಳುತ್ತಿದ್ದಾಗ ಮಗಳು ಕಾರ್ಖಾನೆಯ ಬಟ್ಟೆಯಲ್ಲೇ ಬಂದು ಮಂಚದ ತುದಿಗೆ ಕೂತಳು. ಕಡ್ಡಿ ಆರಿತಾ ಅಂತ ಕೊನೆಗೆ ಕೇಳಿದಳು. ಇನ್ನೂ ತೋರಿಸಿಲ್ಲ, ಮುಂದಿನ ವರ್ಷದವರೆಗೆ ಕಾಯಬೇಕು ಅಂದೆ. ಥೂ ಅಂದಳು. ಆಸ್ಪತ್ರೆಯ ಆ ದಿನದ ನಂತರ ನನ್ನ ಜೊತೆ ಅವಳ ಮೊದಲ ಮಾತು.

ಜುಲೈ 16, ಬುಧವಾರ

ಗುಳ್ಳೆ ಕರಗುತ್ತಾ ಬಂದಿದೆ. ಲೋಟದ ನೀರಿನ ಹಾಗೆ ಅಡ್ಡ ಒಂದು ಗೆರೆ, ಗೆರೆಯ ಮೇಲಿನದು ಕಾಣುತ್ತದೆ, ಕೆಳಗಿನದು ಅಲುಗಾಡುತ್ತದೆ ಅಂದಳು. ಬೆಳಿಗ್ಗೆ ನನ್ನ ಕಡೆ ನೋಡಿ:

"ಅಜ್ಜಿ, ನಿನ್ನ ತಲೆ ಕಾಣ್ತಿದೆ. ಹಣೆ ಕಾಣ್ತಿದೆ. ಬಾಯಿ ಕಾಣ್ತಿಲ್ಲ."

ಕಾಣದಿದ್ದರೂ ಕೇಳುತ್ತದೆ ಅಂದೆ. ಸ್ನಾನದ ಮನೆಗೆ ಹೋಗಿ ನಲ್ಲಿ ಬಿಟ್ಟೆ. ಯಾಕೆ ಬಿಟ್ಟೆ ಅನ್ನುವುದು ನನ್ನ ವಿಷಯ.

ಜುಲೈ 27, ಭಾನುವಾರ

ಶುಕ್ರವಾರ ಡಾಕ್ಟರಮ್ಮ ನೋಡಿದರು. ಈ ಸಲ ಮೂವರನ್ನೂ ಒಟ್ಟಿಗೆ ಕೂರಿಸಿ ಹೇಳಿದರು. ಅಂಟಿದೆ. ಕೆಳಗಿನ ಅಂಚೂ ಅಂಟಿದೆ. ಮೊದಲಿನಷ್ಟು ಚೂಪು ಇರುವುದಿಲ್ಲ, ನೆಟ್ಟಗಿನ ಗೆರೆ ಸ್ವಲ್ಪ ಬಾಗಿ ಕಾಣಬಹುದು, ಅದು ಹಾಗೇ ಉಳಿಯಬಹುದು. ಆದರೆ ಬಣ್ಣಗಳು ನೆಟ್ಟಗಿವೆ. ಹುಡುಗಿ ಅಂಗಡಿಯ ಬಣ್ಣದ ಪಟ್ಟಿಗಳನ್ನು ಹರಡಿಕೊಂಡು ಎರಡು ನೀಲಿಗಳ ನಡುವೆ ನನಗೆ ಕಾಣದ ವ್ಯತ್ಯಾಸ ಹಿಡಿದಳು. ಮುಂದಿನ ವಾರದಿಂದ ಅರ್ಧ ದಿನ ಕೆಲಸಕ್ಕೆ ಹೋಗಬಹುದು.

ಇವತ್ತು ಹಡಗಿನ ಟ್ರೈಲರನ್ನು ಸ್ವತಃ ನೋಡಿದಳು. ನಾನೂ ಪಕ್ಕದಲ್ಲೇ ಕೂತೆ, ಪರೀಕ್ಷೆಗೆ ಕೂತವಳ ಹಾಗೆ. ಮುಗಿದ ಮೇಲೆ ನನ್ನ ಕಡೆ ತಿರುಗಿ, ಅಡುಗೆಯವನು ಎಲ್ಲಿ ಅಂದಳು. ಬಂದನಲ್ಲ, ಬಕೆಟ್ ಹಿಡಿದವನು. ಅವನು ಹಿಂದೆ ಒಂದು ಮೂಲೆಯಲ್ಲಿ ಒಂದೇ ಕ್ಷಣ ಬರುತ್ತಾನೆ ಅಜ್ಜಿ ಅಂದಳು. ನಾನು ಹೇಳಿದ್ದನ್ನು ಕೇಳಿ ಈ ಭಾಗಕ್ಕೆ ಅವನೇ ನಾಯಕ ಅಂದುಕೊಂಡಿದ್ದಳಂತೆ. ಎಲ್ಲಕ್ಕಿಂತ ಮುಂದೆ ಒಬ್ಬ ಕತ್ತಿ ಹಿಡಿದು ಕುದುರೆಯ ಮೇಲೆ ಬಂದನಲ್ಲ, ಅವನ ವಿಷಯ ನಾನು ಹೇಳಲೇ ಇಲ್ಲವಂತೆ. ಇರಬಹುದು. ಕತ್ತಿ ಹಿಡಿದವರು ಎಲ್ಲ ಕಡೆ ಇರುತ್ತಾರೆ. ಮೋಡ ಹಿಂಡಿ ನೀರು ಮಾಡುವವನು ಎಷ್ಟು ಕಡೆ ಸಿಗುತ್ತಾನೆ?

ಅವಳು ಮತ್ತೆ ಹಾಕಿ, ಅವನು ಬಂದ ಕ್ಷಣಕ್ಕೆ ನಿಲ್ಲಿಸಿ, ಹತ್ತಿರ ಬಾಗಿ ನೋಡಿದಳು. "ಅಜ್ಜಿ, ನಿಜವಾಗ್ಲೂ ಹಿಂಡ್ತಿದ್ದಾನೆ" ಅಂದಳು. ಆ ಮೂಲೆಯನ್ನು ಅಷ್ಟು ಶ್ರದ್ಧೆಯಿಂದ ಮಾಡಿದವರು ಯಾರೋ ಇದ್ದಾರಲ್ಲ. ಒಂದು ಕ್ಷಣಕ್ಕೆ. ಯಾರು ನೋಡುತ್ತಾರೆಂದು ಮಾಡಿದರು?

ಆಗಸ್ಟ್ 10, ಭಾನುವಾರ

ಸಿಡಿಲಿನಂಥ ಸುದ್ದಿ. ಹಡಗಿನ ಗೇಮನ್ನು ಮುಂದೂಡಿದ್ದಾರೆ. ಯಾವ ದಿನಕ್ಕೆ ಅಂತ ಹೇಳಿಲ್ಲ, "ಸಿದ್ಧವಾದಾಗ" ಅಂತ ಒಂದೇ ಮಾತು. ಸೀಟಿ ಮೆಟ್ಟಿಲು ಹತ್ತುವಾಗ ಸಿಳ್ಳೆ ಹಾಕಲಿಲ್ಲ. ನಾನು ಅದರ ಗೊಡವೆಯವಳಲ್ಲ, ಆಟ ಆಡುವ ವಯಸ್ಸೂ ಅಲ್ಲ, ಆದರೂ ಬೆಳಿಗ್ಗೆಯಿಂದ ಯಾವ ಕೆಲಸಕ್ಕೂ ಕೈ ಹೋಗಲಿಲ್ಲ. ಗೂಬೆ ಮಾತ್ರ ಶಾಂತವಾಗಿದ್ದಾಳೆ. ಆತುರವಿಲ್ಲ, ನೋಡಲು ಕಣ್ಣಿದೆಯಲ್ಲ ಅಂದಳು. ನನಗೆ ಆ ಉತ್ತರ ಹಿಡಿಸಲಿಲ್ಲ.

ಟ್ರೈಲರಿನ ಕೆಳಗೆ ಯಾರು ಬೇಕಾದರೂ ಮಾಡಿದವರಿಗೆ ಬರೆಯಬಹುದಂತೆ. ನಾನು ಇಲ್ಲಿ ಕೆಳಗೆ ಬರೆಯುವ ಪತ್ರವನ್ನು ನಾಳೆ ಅವಳು ಅವರ ಭಾಷೆಗೆ ತಿರುಗಿಸಿ ಹಾಕುತ್ತಾಳೆ. ಒಂದಕ್ಷರ ಬಿಡಬಾರದೆಂದು ಹೇಳಿದ್ದೇನೆ.

ಹಡಗು ಮಾಡಿದವರೇ,

ನಿಮ್ಮ ಮುಖ ನಾನು ನೋಡಿಲ್ಲ, ನಿಮ್ಮ ಕೆಲಸ ನೋಡಿದ್ದೇನೆ. ಈ ಮನೆಯಲ್ಲಿ ಒಂದು ಹುಡುಗಿ ಕಣ್ಣು ಹೋಗುತ್ತದೋ ಉಳಿಯುತ್ತದೋ ಅಂತ ಮಲಗಿದ್ದಾಗ ನಿಮ್ಮ ಹಡಗನ್ನು ನಾನು ಬಾಯಿಯಿಂದ ಅವಳಿಗೆ ತೋರಿಸಿದ್ದೇನೆ. ನೀವು ಚೆನ್ನಾಗಿ ಮಾಡಿದ್ದೀರಿ, ಅದಕ್ಕೇ ನಾನು ಹೇಳಲು ಸಾಧ್ಯವಾಯಿತು. ಸುಮ್ಮನೆ ಗೀಚಿದ್ದಿದ್ದರೆ ನನ್ನ ಬಾಯಿಗೂ ಏನೂ ಸಿಗುತ್ತಿರಲಿಲ್ಲ. ಅವಳ ಕಣ್ಣು ಉಳಿಯಿತು. ಅದೂ ಒಂದೇ ಸಲಕ್ಕೆ ಆಗಲಿಲ್ಲ, ಎರಡನೇ ಸಲಕ್ಕೆ ಅಂಟಿತು. ತಡವಾದರೆ ಆಗಲಿ, ಅರ್ಧಕ್ಕೆ ಬಿಡಬೇಡಿ, ಅಂಚಿನವರೆಗೆ ಮಾಡಿ. ಆದರೆ ಸಿದ್ಧವಾದಾಗ ಅನ್ನುವುದು ದಿನಾಂಕವಲ್ಲ. ನಮ್ಮ ಡಾಕ್ಟರಮ್ಮ ಮಾತು ಕೊಡಲಾರೆ ಅಂದರು, ಆದರೆ ಆಪರೇಷನ್ ಯಾವ ದಿನ ಅಂತ ಹೇಳಿದರು. ನೀವೂ ಹೇಳಿ. ನಾವು ಕಾಯುವವರು, ಕಾಯಲು ನಮಗೆ ಒಂದು ದಿನ ಬೇಕು. ಸುತ್ತಿ ಬಳಸಿ ಬರೆಯಬೇಡಿ, ಓದಿ ಹೇಳುವವಳು ನನ್ನ ಮೊಮ್ಮಗಳು, ಅವಳ ಕಣ್ಣಿಗೆ ಆಯಾಸ ಮಾಡಬಾರದು. ಯಾವ ದಿನ, ಯಾವ ತಿಂಗಳು, ಅಷ್ಟೇ ಬರೆಯಿರಿ. ಮುಂದಿನ ತಿಂಗಳು ಹುಟ್ಟುವ ಮೊದಲು ಉತ್ತರ ನನ್ನ ಕೈಯಲ್ಲಿರಬೇಕು.